ಪಡಸಾಲೆಯ ವಿನೈಲ್ ನೆಲದ ರಿಪೇರಿ ಬಗ್ಗೆ ದೂರು, ಜೊತೆಗೆ ನಮ್ಮ ತಾಯಿಯ ಕೋಲಿನ ಬಗ್ಗೆ

ಇವರಿಗೆ,
ಶೋರೂಮ್ ಮ್ಯಾನೇಜರ್,
ಕಲಬುರಗಿ

ನಮಸ್ಕಾರ.

ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಒಂಬತ್ತು ಸಲ ಫೋನ್ ಮಾಡಿದೆ. ಒಂಬತ್ತೂ ಸಲ "ನಾಳಿ ಹುಡುಗನ್ನ ಕಳಸ್ತೀವ್ರಿ" ಅಂದಿರಿ. ಆ ಹುಡುಗ ಒಮ್ಮೆ ಬಂದ. ಬಾರದಿದ್ದರೇ ಚೆನ್ನಾಗಿತ್ತು.

ಸಂಕ್ರಾಂತಿ ಮುಗಿದ ವಾರ ನಿಮ್ಮವರು ನಮ್ಮ ಪಡಸಾಲೆಗೆ ವಿನೈಲ್ ಶೀಟ್ ಹಾಸಿದರು. 14 ಅಡಿಗೆ 12 ಅಡಿ, ಒಟ್ಟು 168 ಚದರ ಅಡಿ. ಅಡಿಗೆ 75ರಂತೆ 12,600 ರೂಪಾಯಿ. ಅಂಟು, ಕೂಲಿ ಎಲ್ಲಾ ಅದರಲ್ಲೇ ಅಂತ ಬಿಲ್ಲಿನಲ್ಲಿದೆ. ಕೆಳಗಿರುವುದು ಶಹಾಬಾದ್ ಪರಸಿ. ನಮ್ಮ ತಂದೆ ಹಾಕಿಸಿದ್ದು. ನಲವತ್ತು ವರ್ಷ ಆ ಕಲ್ಲು ಯಾರಿಗೂ ಫೋನ್ ಮಾಡುವ ಕೆಲಸ ಕೊಡಲಿಲ್ಲ. ಚಳಿಗಾಲದಲ್ಲಿ ತಾಯಿಗೆ ಕಾಲು ಜುಮ್ಮೆನ್ನುತ್ತದೆ ಅಂತ ಅದರ ಮೇಲೆ ಪ್ಲಾಸ್ಟಿಕ್ ಹಾಸಿಸಿದೆ. ಅಷ್ಟು ತಪ್ಪು ನನ್ನದು.

ಉಳಿದದ್ದು ನಿಮ್ಮದು. ಸುರುಳಿ ಬೆಳಿಗ್ಗೆ ಆಟೋದಿಂದ ಇಳಿಯಿತು, ಮಧ್ಯಾಹ್ನಕ್ಕೆ ನೆಲಕ್ಕೆ ಅಂಟಿತ್ತು. ಹಾಸುವ ಮುಂಚೆ ಒಂದು ದಿನವಾದರೂ ಅದೇ ಕೋಣೆಯಲ್ಲಿ ಬಿಚ್ಚಿ ಇಡಬೇಕು, ಪರಸಿಯ ಸಂದಿ ತುಂಬಿ ನೆಲ ಸಮ ಮಾಡಬೇಕು, ಎರಡು ಹಾಳೆ ಕೂಡುವ ಕಡೆ ಸೀಲ್ ಮಾಡಬೇಕು. ನಾನು ನಿಮಗೆ ಕಲಿಸಬೇಕಾಗಿಲ್ಲ, ನಿಮ್ಮ ವಾರಂಟಿ ಕಾರ್ಡಿನ ಹಿಂದೆಯೇ ಅಚ್ಚಾಗಿದೆ. ಮಾರ್ಚ್‌ನಲ್ಲಿ ಪಡುವಣ ಕಿಟಕಿಯ ಕೆಳಗೆ ಶೀಟ್ ಉಬ್ಬಿತು. ಏಪ್ರಿಲ್‌ನಲ್ಲಿ ನಡುವಿನ ಜಾಯಿಂಟ್ ಬಾಯಿ ಬಿಟ್ಟಿತು. "ಬಿಸಿಲಿಗೆ ಉಬ್ಬೇದರಿ" ಅಂದಿರಿ. 40 ಡಿಗ್ರಿ ದಾಟುವ ಬಿಸಿಲು ಕಲಬುರಗಿಗೆ ಈ ವರ್ಷವೇ ಬಂತಾ?

ಇನ್ನು ಆ ಗುರುವಾರ ಮಧ್ಯಾಹ್ನದ ಮಾತು. ನಿಮ್ಮ ಹುಡುಗ ಬಂದವನೇ ಉಬ್ಬನ್ನು ಬೆರಳಿಂದ ಒತ್ತಿದ. "ಇದರ ಮ್ಯಾಲ ಯಾರ್ ನಡೀತಾರ್ರಿ?" ಅಂತ ಕೇಳಿದ. ನಾವೇ ನಡೆಯುತ್ತೇವಪ್ಪಾ, ನೆಲ ಅಲ್ವಾ ಅಂದೆ. ಅವನು ನಿಮಗೆ ಫೋನ್ ಹಚ್ಚಿದ. ಸ್ಪೀಕರ್ ಆನ್ ಇತ್ತು. ಅದು ನಿಮಗೆ ಗೊತ್ತಿರಲಿಲ್ಲ ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

"ಮನ್ಯಾಗ ಮುದುಕಿ ಅದಾಳೇನೋ?" ಅಂದಿರಿ.

"ಅದಾರ್ರಿ."

"ಕೋಲ್ ಹಿಡೀತಾಳ?"

"ಹ್ಞೂಂರಿ."

"ಮತ್ತೇನ್! ಆಕಿ ನಡ್ಯಾದು ವಿಡಿಯೋ ಮಾಡ್ಕೊ. ವಾರಂಟಿ ಬರಲ್ಲಂತ ಹೇಳಿ ಬಾ."

ನಮ್ಮ ತಾಯಿ ಅಲ್ಲೇ ಮಂಚದ ಮೇಲೆ ಕೂತಿದ್ದರು. ವಯಸ್ಸು 76. ಕಿವಿ ಚೆನ್ನಾಗಿ ಕೇಳಿಸುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದು ನಿಂತರು. ವಿಡಿಯೋ ಅಂದ ಕೂಡಲೇ ಸೆರಗು ಸರಿ ಮಾಡಿ ತಲೆ ತುಂಬಾ ಹೊದ್ದುಕೊಂಡರು. "ಎಲ್ಲಿಂದ ನಡೀಲಪ್ಪಾ?" ಅಂತ ಕೇಳಿದರು. ದೇವರಮನೆ ಬಾಗಿಲಿಂದ ಕಿಟಕಿಯವರೆಗೆ ನಡೆಸಿದ. ಮೊದಲ ಸಲ ಫೋನ್ ಅಡ್ಡ ಹಿಡಿದಿದ್ದ, ಸರಿ ಬರಲಿಲ್ಲ. ಎರಡನೇ ಸಲ "ಆಯಿ, ಕೋಲ್ ಜರಾ ಜೋರ್ ಊರ್ರಿ, ಸಪ್ಪಳ ಕೇಳವಲ್ದು" ಅಂದ. ಮೂರನೇ ಸಲ ಕಿಟಕಿ ಹತ್ತಿರ ಬಂದು ಸುಧಾರಿಸಿಕೊಳ್ಳುತ್ತಾ "ಬರೊಬ್ಬರಿ ಬಂತೇನಪ್ಪಾ?" ಅಂದರು. ಆಮೇಲೆ ಅವನಿಗೆ ಚಹಾ ಮಾಡಿಸಿದರು. ಕುಡಿದ.

ಆ ಕೋಲಿನ ತುದಿಗೆ ರಬ್ಬರ್ ಬುಷ್ ಇದೆ, ಐದು ರೂಪಾಯಿ ನಾಣ್ಯಕ್ಕಿಂತ ಅಗಲ. ಪಡುವಣ ಕಿಟಕಿಯ ಕಡೆ ತಾಯಿ ಹೋಗುವುದೇ ಇಲ್ಲ, ಅಲ್ಲಿ ಬಿಸಿಲು. ನಿಮ್ಮ ಆ ವಿಡಿಯೋಗೋಸ್ಕರವೇ ಬೇಸಿಗೆಯಲ್ಲಿ ಮೊದಲ ಸಲ ಅಲ್ಲಿಗೆ ಹೋದದ್ದು.

ರಿಪೇರಿಯೂ ಆಯಿತು ಅನ್ನಿ. ಉಬ್ಬಿನ ಮೇಲೆ ಕಟ್ಟರ್‌ನಿಂದ ಗೀರಿ ಗಾಳಿ ಬಿಟ್ಟ. ಒಳಗೆ ಹಾಕಲು ಅಂಟು? "ತಂದಿಲ್ರಿ." ಭಾರ ಇಡಲು ನಮ್ಮ ರುಬ್ಬುಗುಂಡನ್ನೇ ಕೇಳಿ ಪಡೆದ. ಎರಡು ದಿನ ತೆಗೆಯಬೇಡಿ ಅಂದ. ಎರಡು ದಿನ ನಮ್ಮ ಮನೆಯಲ್ಲಿ ಏನೂ ರುಬ್ಬಲಿಲ್ಲ. ಗುಂಡು ಎತ್ತಿದರೆ ಉಬ್ಬು ಹಾಗೇ ಇದೆ, ಪಕ್ಕದಲ್ಲಿ ಒಂದು ಗೀರು, ಒಂದು ತಗ್ಗು ಹೊಸದು. ಈ ತಗ್ಗು ಯಾರ ಕೋಲಿನದು ಅಂತ ವಿಡಿಯೋ ಮಾಡಿಕೊಳ್ಳಲು ಯಾವಾಗ ಬರುತ್ತೀರಿ?

ಈಗ ತಾಯಿ ಪಡಸಾಲೆಯಲ್ಲಿ ಕೋಲು ಊರುವುದಿಲ್ಲ. ಕಂಕುಳಲ್ಲಿ ಹಿಡಿದುಕೊಂಡು ಗೋಡೆ ಹಿಡಿದು ನಡೆಯುತ್ತಾರೆ. ಯಾಕವ್ವಾ ಅಂದರೆ "ಮತ್ತ ಕೆಟ್ಟೀತು" ಅನ್ನುತ್ತಾರೆ. ಬಾಯಿ ಬಿಟ್ಟ ಜಾಯಿಂಟಿಗೆ ಮೊನ್ನೆ ಕಾಲು ತೊಡರಿತು. ಗೋಡೆ ಹಿಡಿದಿದ್ದಕ್ಕೆ ಬಚಾವು.

ಮಾಡಬೇಕಾದದ್ದು ದೊಡ್ಡದೇನಲ್ಲ. ಉಳಿದ ಮೂರು ಅಡಿ ತುಂಡು ಅಟ್ಟದ ಮೇಲಿದೆ. ಅದನ್ನು ಕೆಟ್ಟ ಜಾಗದ ಮೇಲಿಟ್ಟು, ಗೆರೆ ಗೆರೆ ಕೂಡಿಸಿ, ಎರಡನ್ನೂ ಒಟ್ಟಿಗೆ ಕೊಯ್ದು, ಹಳೆಯದು ತೆಗೆದು ಹೊಸದು ಕೂರಿಸಬೇಕು. ಅಂಟು ಹಾಕಿ ರೋಲರ್ ಹೊಡೆಯಬೇಕು, ಜಾಯಿಂಟ್ ಸೀಲ್ ಮಾಡಬೇಕು. ಕೆಲಸ ಬಲ್ಲವನಿಗೆ ಅರ್ಧ ದಿನ. ಅಂಥವನು ನಿಮ್ಮಲ್ಲಿ ಇದ್ದರೆ ಕಳಿಸಿ. ಅಂಟು ಸಮೇತ.

ಏಳು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅದರ ಹಿಂದೆಯೇ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಓದಿಕೊಂಡಿದ್ದೇನೆ. ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ನಿಮ್ಮ ಹುಡುಗನ ವಿಡಿಯೋ ಅಳಿಸಬೇಡಿ, ಅಲ್ಲಿ ನನಗೂ ಅದು ಬೇಕು.

ನಿಜ ಹೇಳಲಾ? ನೀವು ಬರದಿದ್ದರೇ ನನಗೆ ಖುಷಿ. ಎಂಟನೇ ದಿನ ಇಡೀ ಶೀಟ್ ಕಿತ್ತು, ಸುರುಳಿ ಸುತ್ತಿ, ಆಟೋದಲ್ಲಿ ಹಾಕಿಕೊಂಡು ಬರುತ್ತೇನೆ. ಗಿರಾಕಿ ತುಂಬಿರುವ ಹೊತ್ತು ನೋಡಿ ನಿಮ್ಮ ಶೋರೂಮ್ ಬಾಗಿಲಲ್ಲೇ ಹಾಸುತ್ತೇನೆ. ತಾಯಿಯೂ ಬರುತ್ತಾರೆ. ಅದರ ಮೇಲೆ ಮೂರು ಸಲ ನಡೆಯುತ್ತಾರೆ, ಕೋಲು ಊರಿಕೊಂಡು. ವಿಡಿಯೋ ಈ ಸಲ ನಾನು ಮಾಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಜೇವರ್ಗಿ ರಸ್ತೆ, ಕಲಬುರಗಿ

ಮರೆತಿದ್ದೆ: ನಿಮ್ಮ ಹುಡುಗ ಕಟ್ಟರ್ ಬಿಟ್ಟು ಹೋಗಿದ್ದಾನೆ. ತಾಯಿ ಜೋಪಾನವಾಗಿ ಎತ್ತಿಟ್ಟಿದ್ದಾರೆ. ಬಂದು ಒಯ್ಯಲಿ.