ರಾಯಣ್ಣನ ಸಿನಿಮಾ ಬಗ್ಗೆ ಬರೆಯುವವರಿಗೆ

ಗೆಳೆಯರೇ, ಸಂಗೊಳ್ಳಿ ರಾಯಣ್ಣನ ಸಿನಿಮಾ ನೋಡಿದವರೆಲ್ಲ ನಿನ್ನೆಯಿಂದ ಗುಂಪಿನಲ್ಲಿ ಬರೆಯುತ್ತಲೇ ಇದ್ದೀರಿ. ತುಂಬಾ ಖುಷಿಯಾಯಿತು. ಆದರೆ ಒಂದು ವಿನಂತಿ. ಸುಮ್ನೆ 'ಸೂಪರ್', 'ಬೋರು' ಅಂತ ಹಾಕಿ ಬಿಡಬೇಡಿ, ಯಾವ ದೃಶ್ಯ ಹಿಡಿಸಿತು, ಯಾವುದು ಹಿಡಿಸಲಿಲ್ಲ, ಯಾಕೆ ಅಂತ ಎರಡು ಸಾಲು ಬರೆಯಿರಿ. ನಟರ ಅಭಿಮಾನಿಗಳ ಜಗಳ ಇಲ್ಲಿ ಬೇಡ.

ಹೊಡೆದಾಟ ಜಾಸ್ತಿಯಾಯಿತು ಅಂತ ಕೆಲವರು ಹೇಳಿದ್ದಾರೆ. ನನಗೂ ಹಾಗೇ ಅನ್ನಿಸಿತು. ರಾಯಣ್ಣ ಬರೀ ಕತ್ತಿ ಬೀಸಿದವನಲ್ಲ. ಬ್ರಿಟಿಷರ ಸರ್ಕಾರಿ ಕಚೇರಿಗಳಿಗೆ ಬೆಂಕಿ ಹಚ್ಚಿದ, ಜಮೀನಿನ ದಾಖಲೆ ಸುಟ್ಟ, ಖಜಾನೆ ಲೂಟಿ ಮಾಡಿದ. ರೈತರ ಹೊಲ ಕೈತಪ್ಪುತ್ತಿದ್ದ ಕಾಲದಲ್ಲಿ ಆ ಕಾಗದ ಸುಡುವುದಕ್ಕೆ ಎಷ್ಟು ದೊಡ್ಡ ಅರ್ಥವಿತ್ತು ಅಲ್ವಾ, ಅದನ್ನು ಇನ್ನಷ್ಟು ತೋರಿಸಬೇಕಿತ್ತು. ಕೊನೆಗೆ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡದ ದೃಶ್ಯ ಬಂದಾಗ ಮಾತ್ರ ಕಣ್ಣು ತುಂಬಿ ಬಂತು.

ಇನ್ನೊಂದು ಮಾತು. ರಾಣಿ ಚೆನ್ನಮ್ಮ ಬ್ರಿಟಿಷರ ವಿರುದ್ಧ ನಡೆಸಿದ 1824ರ ಕಿತ್ತೂರಿನ ಯುದ್ಧ ಬೇರೆ, ಆಮೇಲೆ ರಾಯಣ್ಣ ಜನ ಕಟ್ಟಿಕೊಂಡು ನಡೆಸಿದ ಗೆರಿಲ್ಲಾ ಹೋರಾಟ ಬೇರೆ. ಎರಡನ್ನೂ ಬೆರೆಸಬೇಡಿ. ಆತನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ರಾಯಣ್ಣನ ಬಗ್ಗೆ ನೀವು ಹೇಳುವ ಸಂಗತಿ ಲಾವಣಿಯಲ್ಲಿ ಕೇಳಿದ್ದಾದರೆ ಲಾವಣಿ ಅಂತಲೇ ಹೇಳಿ. ನಿಮ್ಮ ಮನೆಯ ಹಿರಿಯರಿಗೆ ಅಂಥ ಹಾಡು ಗೊತ್ತಿದ್ದರೆ ಹಾಡಿಸಿ, ರೆಕಾರ್ಡ್ ಮಾಡಿ ಇಲ್ಲಿ ಹಾಕಿ.