ಕಾರಪಿಚೈಮಾದಿಂದ ವಾಟರ್ಲೂ ಕಡಲವರೆಗೆ ಚರಿತ್ರೆ ಫಲಕಗಳನ್ನು ಹಾಕಿಸಲು ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕೂವಾ–ತಬಾಕೀಟ್–ತಲ್ಪಾರೊ ಪ್ರಾದೇಶಿಕ ಕಾರ್ಪೊರೇಷನ್,
ಕೂವಾ, ಟ್ರಿನಿಡಾಡ್.

ವಿಷಯ: ಐದು ಸ್ಥಳಗಳಲ್ಲಿ ಮಾಹಿತಿ ಫಲಕ, ಅವುಗಳ ಒಕ್ಕಣೆ ಮತ್ತು ಕಂಬ ಹೂಳುವ ವಿಧಾನ.
(ಮೈಸೂರಿನಿಂದ ಬಂದುಹೋಗುವವರ ಓದಿಗಾಗಿ ಸಿದ್ಧಪಡಿಸಿದ ಕನ್ನಡ ಪಾಠ)

ಮಾನ್ಯರೇ,

ನಮ್ಮ ಪ್ರದೇಶ ಸುಮಾರು 720 ಚದರ ಕಿ.ಮೀ. ಹರಡಿಕೊಂಡಿದೆ. 2011ರ ಜನಗಣತಿಯಂತೆ ಇಲ್ಲಿ 1.78 ಲಕ್ಷ ಜನ. ಪಶ್ಚಿಮಕ್ಕೆ ಪಾರಿಯಾ ಕೊಲ್ಲಿಯ ಕೆಸರು ದಂಡೆ, ನಡುವೆ ಒಂದು ಕಾಲಕ್ಕೆ ಕಬ್ಬೇ ಕಬ್ಬಾಗಿದ್ದ ಬಯಲು, ಪೂರ್ವಕ್ಕೆ ಕೋಕೋ ಬೆಳೆಯುವ ಮಾಂಟ್ಸೆರಾಟ್ ಗುಡ್ಡಗಳು. ಈ ನೆಲದ ಚರಿತ್ರೆಯನ್ನು ಊರಿನ ಹೆಸರುಗಳಲ್ಲೇ ಓದಬಹುದು. ಕಾರಪಿಚೈಮಾ ಮೂಲನಿವಾಸಿಗಳ ಮಾತು. ಮಾಂಟ್ಸೆರಾಟ್ 1687ರಲ್ಲಿ ಸ್ಪೇನಿನಿಂದ ಬಂದ ಕ್ಯಾಟಲನ್ ಪಾದ್ರಿಗಳು ತಂದದ್ದು. ವಾಟರ್ಲೂ, ಬ್ರೆಕಿನ್ ಕ್ಯಾಸಲ್ ಬ್ರಿಟಿಷ್ ತೋಟದೊಡೆಯರ ಕಾಲದವು. ಇನ್ನು ಕಲ್ಕತ್ತಾ ಸೆಟ್ಲ್‌ಮೆಂಟ್ ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ನಾಲ್ಕೂ ಪದರ ಅರ್ಧ ದಿನದ ಓಡಾಟದಲ್ಲಿ ಕಣ್ಣಿಗೆ ಬೀಳುತ್ತವೆ. ಗುರುತಿಸಿ ಹೇಳುವ ಫಲಕಗಳು ಬೇಕು ಎಂಬುದೇ ನಮ್ಮ ಕೋರಿಕೆ.

ಮೊದಲ ಫಲಕ ಕಲ್ಕತ್ತಾ ಸೆಟ್ಲ್‌ಮೆಂಟಿನಲ್ಲಿ. 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಬಂದಲ್ಲಿಂದ 1917ರವರೆಗೆ 1.4 ಲಕ್ಷಕ್ಕೂ ಹೆಚ್ಚು ಭಾರತೀಯರು ಕರಾರು ಕೂಲಿಗಳಾಗಿ ಈ ದ್ವೀಪಕ್ಕೆ ಬಂದರು. 1869ರಿಂದ, ಹತ್ತು ವರ್ಷ ತುಂಬಿಸಿದವರಿಗೆ ಊರಿಗೆ ಮರಳುವ ಹಡಗಿನ ಹಕ್ಕಿನ ಬದಲು ಸರ್ಕಾರಿ ಜಮೀನು ಕೊಡುವ ಪದ್ಧತಿ ಶುರುವಾಯಿತು. ಕೂಲಿಯ ಬಿಡಾರಗಳು ಊರಾದದ್ದು ಅಲ್ಲಿಂದ. ಫಲಕದಲ್ಲಿ "ಜಮೀನು ಕೊಡಲಾಯಿತು" ಎಂದಷ್ಟೇ ಬರೆದರೆ ಅದು ದಾನದಂತೆ ಕೇಳಿಸುತ್ತದೆ. "ಮರಳುವ ಹಕ್ಕಿನ ಬದಲಿಗೆ" ಎಂಬ ಮಾತು ಬಿಡಬಾರದು.

ಎರಡನೆಯದು ಕಾರಪಿಚೈಮಾದಲ್ಲಿ, ಹಳೆಯ ರೈಲು ದಾರಿಯ ಬದಿಗೆ. ಹಳಿ ಕೂವಾ ಮುಟ್ಟಿದ್ದು 1880ರಲ್ಲಿ. ದ್ವೀಪದ ರೈಲು ನಿಂತದ್ದು 1968ರಲ್ಲಿ. ಮೂರನೆಯದು ಬ್ರೆಕಿನ್ ಕ್ಯಾಸಲ್ ಸಕ್ಕರೆ ಕಾರ್ಖಾನೆಯ ಬಳಿ: 2003ರಲ್ಲಿ ಸರ್ಕಾರಿ ಕಬ್ಬಿನ ಕಂಪನಿ ಮುಚ್ಚಿ ಸುಮಾರು 9,000 ಜನ ಕೆಲಸ ಬಿಟ್ಟರು. ಇವೆರಡಕ್ಕೂ ನಾಲ್ಕೈದು ಸಾಲು ಸಾಕು.

ನಾಲ್ಕನೆಯದು ಆರೆಂಜ್ ಫೀಲ್ಡ್ ರಸ್ತೆಯ ದತ್ತಾತ್ರೇಯ ಯೋಗ ಕೇಂದ್ರದ ಹೊರಗೆ. 2003ರಲ್ಲಿ ಪ್ರತಿಷ್ಠೆಯಾದ ಇಲ್ಲಿನ ಹನುಮಂತನ ಎತ್ತರ 85 ಅಡಿ. ಈ ಕೇಂದ್ರ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪೀಠಕ್ಕೆ ಸೇರಿದ್ದು, ದೇಗುಲದ ಶೈಲಿ ದಕ್ಷಿಣ ಭಾರತದ್ದು. ಹಾಗಾಗಿ ಈ ಒಂದು ಫಲಕದಲ್ಲಿ ಕನ್ನಡದ ಒಂದು ಸಾಲು ಇರಲಿ. ಮುದ್ರಣದವರಿಗೆ ಕನ್ನಡ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಕಳಚಿ ಪಕ್ಕಪಕ್ಕ ಬಂದು "ದತ್ತಾತ್ರೇಯ" ಗುರುತೇ ಸಿಗದಂತಾಗುತ್ತದೆ. ಅಕ್ಷರಗಳನ್ನು ಚಿತ್ರರೇಖೆಯಾಗಿ ಬದಲಾಯಿಸಿದ ಫೈಲನ್ನು ನಾವೇ ಕೊಡುತ್ತೇವೆ. ಅವರು ಮತ್ತೆ ಟೈಪ್ ಮಾಡದಿದ್ದರೆ ಸಾಕು.

ಐದನೆಯದು ವಾಟರ್ಲೂ ಸಮುದ್ರ ದೇಗುಲ. ಶಿವದಾಸ ಸಾಧು 1947ರಲ್ಲಿ ದಂಡೆಯಲ್ಲಿ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದಾಗಿತ್ತು. 14 ದಿನ ಜೈಲಾಯಿತು, ಗುಡಿಯನ್ನು ಕೆಡವಲಾಯಿತು. ನೆಲಕ್ಕೆ ಒಡೆಯರಿದ್ದಾರೆ, ಕಡಲಿಗಿಲ್ಲವಲ್ಲ ಎಂದು ಅವರು ನೀರಿಗಿಳಿದರು. ಸೈಕಲ್ಲಿನಲ್ಲಿ ಕಲ್ಲು, ಮರಳು, ಸಿಮೆಂಟು ಹೇರಿ ತಂದು, ಕಬ್ಬಿಣದ ಪೀಪಾಯಿಗಳಲ್ಲಿ ತುಂಬಿ ಇಳಿಸುತ್ತ, ಸುಮಾರು 25 ವರ್ಷದಲ್ಲಿ 500 ಅಡಿ ಒಳಗೆ ಗುಡಿ ಎಬ್ಬಿಸಿದರು. ಆಗ ಇಳಿತದ ಹೊತ್ತಿಗೆ ಮಾತ್ರ ಅಲ್ಲಿಗೆ ನಡೆಯಬಹುದಿತ್ತು. ಈಗ ಕಾಣುವ ಎಂಟು ಮೂಲೆಯ ದೇಗುಲವೂ ಅದನ್ನು ಮುಟ್ಟಿಸುವ ಕಟ್ಟೆದಾರಿಯೂ 1995ರಲ್ಲಿ, ಭಾರತೀಯರ ಆಗಮನದ 150ನೆಯ ವರ್ಷಕ್ಕೆ ಸರ್ಕಾರದ ನೆರವಿನಿಂದ ಆದವು. ಎರಡೂ ಕಟ್ಟಡಗಳನ್ನು ಒಂದೇ ಎಂಬಂತೆ ಬರೆಯುವ ತಪ್ಪು ಸಾಮಾನ್ಯ. ಫಲಕದಲ್ಲಿ ಬೇರೆ ಬೇರೆ ಪ್ಯಾರಾ ಇರಬೇಕು. ಪಕ್ಕದಲ್ಲೇ ದಹನ ಸ್ಥಳವಿದೆ. ಚಿತೆಗಳು ಕಾಣುವ ಕಡೆ ಫಲಕ ನೆಟ್ಟರೆ ಪ್ರವಾಸಿಗರು ಕ್ಯಾಮೆರಾ ಹಿಡಿದು ಅಲ್ಲೇ ನಿಲ್ಲುತ್ತಾರೆ. ದಯವಿಟ್ಟು ಕಟ್ಟೆದಾರಿಯ ಇನ್ನೊಂದು ಬದಿಗೆ ನೆಡಿಸಿ.

ಇನ್ನು ಕಂಬದ ಮಾತು. ಬಯಲಿನ ಜೇಡಿ ಮಣ್ಣು ಉತ್ತರ ಕರ್ನಾಟಕದ ಎರೆಮಣ್ಣಿನ ಸ್ವಭಾವದ್ದು: ಜೂನ್‌ನಿಂದ ಡಿಸೆಂಬರಿನ ಮಳೆಗೆ ಉಬ್ಬುತ್ತದೆ, ಜನವರಿಯಿಂದ ಮೇವರೆಗೆ ಕುಗ್ಗಿ ಬಿರಿಯುತ್ತದೆ. ಎರಡು ಅಡಿ ಗುಂಡಿಗೆ ಕಾಂಕ್ರೀಟ್ ಸುರಿದರೆ ಉಬ್ಬುವ ಮಣ್ಣು ಬುಡವನ್ನು ಅಪ್ಪಿ ಮೇಲಕ್ಕೆತ್ತುತ್ತದೆ, ಎರಡೇ ಮಳೆಗಾಲಕ್ಕೆ ಕಂಬ ವಾಲುತ್ತದೆ. ನಮ್ಮ ಸಲಹೆ: 25 ಸೆಂ.ಮೀ. ಅಗಲ, 1.5 ಮೀಟರ್ ಆಳದ ರಂಧ್ರ. ಮೇಲಿನ 80 ಸೆಂ.ಮೀ.ಗೆ ನುಣುಪಾದ ಪಿವಿಸಿ ಕೊಳವೆ ಇಳಿಸಿ ಅದರೊಳಗೆ ಕಾಂಕ್ರೀಟ್ ತುಂಬುವುದು. ಮಣ್ಣು ಕೊಳವೆಯ ಮೈಮೇಲೆ ಜಾರುತ್ತದೆ, ಕಂಬವನ್ನು ಹಿಡಿದೆತ್ತುವುದಿಲ್ಲ. ನೆಲಮಟ್ಟದಲ್ಲಿ ಕಾಂಕ್ರೀಟನ್ನು ಅಣಬೆಯಂತೆ ಅಗಲಿಸಬಾರದು. ಅಗಲಿಸಿದರೆ ಆ ಅಂಚಿನ ಕೆಳಗೆ ಮಣ್ಣು ತಳ್ಳುತ್ತದೆ. ಸುತ್ತ ಮರಳು ತುಂಬಬೇಡಿ, ಅದು ನೀರು ಹಿಡಿಯುತ್ತದೆ. ದೊಡ್ಡ ಮರದ ಬುಡವೂ ಬೇಡ.

ವಾಟರ್ಲೂವಿನಲ್ಲಿ ಶತ್ರು ಉಪ್ಪುಗಾಳಿ. ಅಲ್ಯೂಮಿನಿಯಂ ಹಲಗೆಗೆ ನೇರವಾಗಿ ಸ್ಟೇನ್‌ಲೆಸ್ ಬೋಲ್ಟ್ ಬಿಗಿದರೆ ಬೋಲ್ಟಿಗೆ ಏನೂ ಆಗುವುದಿಲ್ಲ, ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತೂತು ದೊಡ್ಡದಾಗುತ್ತದೆ. ನಡುವೆ ನೈಲಾನ್ ವಾಷರ್, ಬೋಲ್ಟಿನ ಕತ್ತಿಗೆ ನೈಲಾನ್ ಬಳೆ ಹಾಕಿದರೆ ಎರಡು ಲೋಹಗಳು ಮುಟ್ಟುವುದಿಲ್ಲ. ಐದು ಫಲಕಕ್ಕೆ, ತಲಾ ನಾಲ್ಕು ಬೋಲ್ಟಿನಂತೆ, 20 ಬಳೆ, 40 ವಾಷರ್; ಬಿಲ್ಲಿನಲ್ಲಿ ಎದ್ದು ಕಾಣುವ ಖರ್ಚೇನಲ್ಲ.

ಮಳೆ ನಿಂತು ಮಣ್ಣಿನ್ನೂ ಬಿರಿಯದ ಜನವರಿಯಲ್ಲಿ ರಂಧ್ರ ಕೊರೆಸಿದರೆ, ಮೇ 30ರ ಭಾರತೀಯರ ಆಗಮನ ದಿನಕ್ಕೆ ಐದೂ ಫಲಕಗಳು ನಿಂತಿರುತ್ತವೆ. ಒಕ್ಕಣೆಯ ಕರಡನ್ನು ಮುದ್ರಣಕ್ಕೆ ಮೊದಲು 15 ದಿನ ನಮಗೆ ತೋರಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಾರಪಿಚೈಮಾ ಮತ್ತು ವಾಟರ್ಲೂ ಭಾಗದ ನಿವಾಸಿಗಳು