ಗೋಡಂಬಿ ಆರಿಸಲು ಎಐ ಕ್ಯಾಮೆರಾ ಬಂತು, ಬೆಲೆ ಯಾಕೆ ಇಳಿಯಲಿಲ್ಲ?

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮೊದಲು ಚೌತಿಯ ವಿಷಯ. ಆ ವಾರ ಕಳಿಸಿದ ಅರ್ಧ ಕಿಲೋ ಪ್ಯಾಕೆಟ್‌ಗಳಲ್ಲಿ ಕೆಲವರಿಗೆ ಸಿಪ್ಪೆ ಅಂಟಿದ ಬೀಜ ಸಿಕ್ಕಿದೆ. ತಪ್ಪು ನಮ್ಮದೇ. ಪಂಚಕಜ್ಜಾಯಕ್ಕೆ ಅಂತ ತರಿಸಿಕೊಂಡವರು ಕೂತು ಬೀಜ ಆರಿಸಬೇಕಾಯಿತು. ದಯವಿಟ್ಟು ಕ್ಷಮಿಸಿ.

ಆದದ್ದು ಇಷ್ಟು. ಜೂನ್‌ನಿಂದ ನಮ್ಮಲ್ಲಿ ಬೀಜ ಆರಿಸುವುದು ಎಐ ಕ್ಯಾಮೆರಾ ಇರುವ ಮೆಷಿನ್. ಬೆಲ್ಟಿನ ಮೇಲೆ ಹೋಗುವ ಒಂದೊಂದು ಬೀಜದ ಫೋಟೋ ತೆಗೆದು, ಬಣ್ಣ, ಗಾತ್ರ, ಕಲೆ ನೋಡಿ, ಬೇಡದ್ದನ್ನು ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೆ ಕಲಿಸಿದ್ದು ನಮ್ಮೂರ ಬೀಜದ ಫೋಟೋ ತೋರಿಸಿ. ಆಗಸ್ಟ್‌ನಲ್ಲಿ ಆಫ್ರಿಕಾದ ಬೀಜದ ಲೋಡ್ ಬಂತು. ಆ ಬೀಜ ಸ್ವಲ್ಪ ಹಳದಿ. ಮೆಷಿನ್ ಒಳ್ಳೆಯ ಬೀಜವನ್ನೂ ಹೊರಗೆ ಹಾಕತೊಡಗಿತು. ಹಬ್ಬದ ಗಡಿಬಿಡಿಯಲ್ಲಿ ನಾವು ಸೆಟ್ಟಿಂಗ್ ಸಡಿಲ ಮಾಡಿದೆವು. ಸಿಪ್ಪೆ ಇದ್ದದ್ದೂ ಪಾಸಾಗಿಬಿಟ್ಟಿತು. ಈಗ ಹೊಸ ಲೋಡ್ ಬಂದಾಗಲೆಲ್ಲ ಮೊದಲು ನಮ್ಮಲ್ಲಿ ಕೆಲಸ ಮಾಡುವ ಅಕ್ಕಂದಿರು ಒಂದು ತಟ್ಟೆ ಬೀಜ ಆರಿಸಿ ಗುರುತು ಹಾಕಿಕೊಡುತ್ತಾರೆ. ಅದನ್ನು ಕಲಿಸಿದ ಮೇಲೆಯೇ ಬೆಲ್ಟ್ ಓಡುತ್ತದೆ.

ಇನ್ನು ದಿನಾ ಕೇಳುವ ಮಾತು: 'ಮೆಷಿನ್ ಬಂತಲ್ಲ, ಇನ್ನಾದರೂ ರೇಟು ಇಳಿಸಿ.' ಹೇಳುವವರು ನಮ್ಮವರೇ, ಆದರೂ ಮನಸ್ಸಿಗೆ ನೋವಾಗುತ್ತದೆ.

ಒಂದು ಕಿಲೋ ಗೋಡಂಬಿಗೆ ಸುಮಾರು ನಾಲ್ಕು ಕಿಲೋ ಹಸಿ ಗೇರುಬೀಜ ಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಅದೇ. ನಮ್ಮ ಕಡೆ ಗೇರು ಸಿಗುವುದು ಬೇಸಿಗೆಯ ಎರಡು ಮೂರು ತಿಂಗಳು. ಉಳಿದ ದಿನಗಳಿಗೆ ಆಫ್ರಿಕಾದ ಬೀಜವೇ ಗತಿ, ಅದರ ಲೆಕ್ಕ ಡಾಲರ್‌ನಲ್ಲಿ. ಅದನ್ನು ಬೇಯಿಸಬೇಕು, ಒಡೆಯಬೇಕು, ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಬೇಕು, ಸಿಪ್ಪೆ ತೆಗೆಯಬೇಕು. ಇಷ್ಟೆಲ್ಲ ಮುಗಿದ ಮೇಲೆ ಮೆಷಿನ್ ಕೆಲಸ ಶುರು. ಅದು ಉಳಿಸುವುದು ಆ ಕೊನೆಯ ಹಂತದ ಸಮಯವನ್ನು ಮಾತ್ರ. ಗಾಳಿ ಊದಲು ಕಂಪ್ರೆಸರ್ ಇಡೀ ದಿನ ಓಡಬೇಕು, ಅದರ ಕರೆಂಟ್ ಬಿಲ್ ಬೇರೆ. ಮಳೆಗಾಲದ ವೋಲ್ಟೇಜ್‌ಗೆ ಸ್ಟೆಬಿಲೈಸರ್ ಹಾಕಿಸಿದ್ದೇವೆ. ಬ್ಯಾಂಕ್ ಸಾಲದ ಕಂತು ಪ್ರತಿ ತಿಂಗಳು ತಪ್ಪದೆ ಕಟ್ಟಬೇಕು. ಫೋನಿನಲ್ಲಿ ಪುಕ್ಕಟೆ ಉತ್ತರ ಕೊಡುವ ಎಐ ನೋಡಿ ಇದಕ್ಕೂ ಖರ್ಚಿಲ್ಲ ಅಂತ ಅನಿಸುವುದು ಸಹಜ. ಇಲ್ಲಿ ಹಾಗಿಲ್ಲ.

ಹಾಗಾದರೆ ತಂದದ್ದು ಯಾಕೆ? ಗೋಡಂಬಿಯ ಸೈಜಿಗೆ ನಂಬರ್ ಇರುತ್ತದೆ: 320 ಅಂದರೆ ಒಂದು ಪೌಂಡಿಗೆ, ಸುಮಾರು 454 ಗ್ರಾಂಗೆ, 300ರಿಂದ 320 ಬೀಜ. ಸಂಜೆ ಆರು ಗಂಟೆಗೆ ಟ್ಯೂಬ್‌ಲೈಟ್ ಕೆಳಗೆ ದಣಿದ ಕಣ್ಣಿಗೆ 240 ಯಾವುದು, 320 ಯಾವುದು ಅಂತ ಗೊತ್ತಾಗುವುದು ಕಷ್ಟ. ಮೆಷಿನ್‌ಗೆ ಬೆಳಿಗ್ಗೆಯೂ ಒಂದೇ, ಸಂಜೆಯೂ ಒಂದೇ. ನೀವು ಕೊಟ್ಟ ದುಡ್ಡಿಗೆ ಸರಿಯಾದ ಸೈಜ್ ಸಿಗುತ್ತದೆ. ಆರ್ಡರ್ ಕೂಡ ಮೊದಲಿಗಿಂತ ಬೇಗ ಹೊರಡುತ್ತಿದೆ.

ಅದಕ್ಕೆ ಆಗದ್ದೂ ಇದೆ. ಮೇಲಿನದಷ್ಟೇ ಅದಕ್ಕೆ ಕಾಣುವುದು. ಕಮಟು ವಾಸನೆ ಗೊತ್ತಾಗುವುದಿಲ್ಲ, ಒಳಗಿನ ಹುಳವೂ ಕಾಣುವುದಿಲ್ಲ. ಅದಕ್ಕೇ ಬೆಲ್ಟಿನ ಕೊನೆಯಲ್ಲಿ ಇಬ್ಬರು ಅಕ್ಕಂದಿರು ಕೂತೇ ಇರುತ್ತಾರೆ. ಇಪ್ಪತ್ತು ವರ್ಷ ಬೀಜ ಆರಿಸಿದ ಕೈಗಳು. ಒಂದು ಬೀಜ ಮುರಿದು ಮೂಗಿನ ಹತ್ತಿರ ಹಿಡಿದರೆ ಇಡೀ ಡಬ್ಬಿಯ ಸ್ಥಿತಿ ಹೇಳುತ್ತಾರೆ.

ಹೆಂಗಸರ ಹೊಟ್ಟೆ ಮೇಲೆ ಹೊಡೆದಿರಾ ಅಂತಲೂ ಕೆಲವರು ಕೇಳಿದರು. ಇಲ್ಲ. ಯಾರನ್ನೂ ಬಿಡಿಸಿಲ್ಲ. ಸಿಪ್ಪೆ ತೆಗೆಯುವಲ್ಲಿ, ಪ್ಯಾಕಿಂಗ್‌ನಲ್ಲಿ ಕೆಲಸ ಕೊಟ್ಟಿದ್ದೇವೆ. ಸೀಸನ್‌ನ ಓವರ್‌ಟೈಮ್ ಮಾತ್ರ ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಈ ದೀಪಾವಳಿಗೆ ಬೋನಸ್ ಸ್ವಲ್ಪ ಜಾಸ್ತಿ ಕೊಡಬೇಕು ಅಂತ ನಿರ್ಧರಿಸಿದ್ದೇವೆ.

ಮುಂದಿನ ದೀಪಾವಳಿಯವರೆಗೆ ಮೆಷಿನ್ ಖರ್ಚು ಅಂತ ಒಂದು ರೂಪಾಯಿಯೂ ಏರಿಸುವುದಿಲ್ಲ. ಚೌತಿಯ ಪ್ಯಾಕೆಟ್‌ನಲ್ಲಿ ಸಿಪ್ಪೆ ಬೀಜ ಸಿಕ್ಕವರು ಒಂದು ಫೋಟೋ ಕಳಿಸಿ ಸಾಕು, ಬಿಲ್ ಬೇಡ. ಮುಂದಿನ ಆರ್ಡರ್ ಜೊತೆ ಅಷ್ಟೇ ತೂಕದ ಬೀಜ ಬರುತ್ತದೆ. ಆ ಪ್ಯಾಕೆಟ್‌ಗಳನ್ನು ನಾನೇ ನೋಡಿ ಸೀಲ್ ಮಾಡಿಸುತ್ತೇನೆ.